ನಾಲ್ಕು ಬೆರಳಿಗೆ ಹನ್ನೆರಡು

ಅಕ್ಕವ್ವಾ, ತಮ್ಮಣ್ಣಾ,

ನಿನ್ನೆ ಸಂಜೆ ತಮ್ಮಣ್ಣನ ಚೀಲದಿಂದ ಒಂದು ಹಾಳೆ ಹೊರಬಿತ್ತು. ಅದರಲ್ಲಿ ಐದು ಕೈಗಳ ಚಿತ್ರ, ಐದಕ್ಕೂ ಕೆಂಪು ಅಡ್ಡಗೆರೆ. ಎತ್ತಿದ ಬೆರಳು ಎಷ್ಟು ಎಂದು ಬರೆಯಬೇಕಿತ್ತು. ಒಂದು ಬೆರಳಿನ ಕೆಳಗೆ ನೀನು ಮೂರು ಎಂದು ಬರೆದಿದ್ದೀ, ತಮ್ಮಣ್ಣಾ, ಎರಡರ ಕೆಳಗೆ ಆರು. "ಇದನ್ನ ಯಾರ ಕಲಿಸಿದ್ರು?" ಎಂದು ಕೇಳಿದೆ. ನೀನು ಅಕ್ಕನ ಮುಖ ನೋಡಿದೆ. ಅಕ್ಕ ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದಳು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕಿರಿ.

ನನಗೆ ನಗು ಬರಲಿಲ್ಲ. ಇಂಥದೇ ಹಾಳೆ ನಾಲ್ಕು ವರ್ಷದ ಹಿಂದೆ ಅಕ್ಕವ್ವನ ಚೀಲದಿಂದಲೂ ಬಿದ್ದಿತ್ತು. ಆಗ ಏನೇನಾಯಿತು ಎಂದು ತಮ್ಮಣ್ಣನಿಗೆ ಗೊತ್ತಿಲ್ಲ, ಅಕ್ಕವ್ವನಿಗೆ ಅರ್ಧ ಗೊತ್ತು. ಎದುರು ಕೂಡಿಸಿಕೊಂಡು ಹೇಳೋಣವೆಂದರೆ ನಾನು ಬಾಯಿ ಬಿಟ್ಟು ಮಾತಾಡುವವಳಲ್ಲ. ನಿಮ್ಮ ಅಜ್ಜ ಇದ್ದಾಗ ಮನೆಗೆ ಯಾರಾದರೂ ಬಂದರೆ ಬಾಗಿಲ ಮರೆಯಿಂದಲೇ ನೀರಿನ ತಂಬಿಗೆ ಮುಂದೆ ಸರಿಸುತ್ತಿದ್ದೆ. ಅವರು ತೀರಿಕೊಂಡ ಮೇಲೆ ಮರೆಯೂ ಹೋಯಿತು, ಮಾತಾಡುವ ಧೈರ್ಯ ಮಾತ್ರ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹಲಸಂಗಿಯ ಆಚೆಯ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ. ಅಕ್ಷರ ದುಂಡಗಿವೆ, ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡಿ. ಕೆಂಪು ಪೆನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಆ ವರ್ಷ ಅಕ್ಕವ್ವ ಇಂಡಿ ಊರಿನ ಕ್ರೈಸ್ತ ಸಿಸ್ಟರುಗಳ ಶಾಲೆಯಲ್ಲಿ ಒಂದನೇ ತರಗತಿಯಲ್ಲಿದ್ದಳು. ನಿಮ್ಮ ತಂದೆ ಆಲಮಟ್ಟಿಯಲ್ಲಿ ಕಾಲುವೆ ಕೆಲಸದಲ್ಲಿ, ಭಾನುವಾರ ಬಂದರೆ ಬಂದ. ನಿಮ್ಮ ತಾಯಿ ಸಿಂದಗಿ ಕಡೆಯ ಆಸ್ಪತ್ರೆಯಲ್ಲಿ ನರ್ಸು, ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ. ನಡುವಿನದೆಲ್ಲ ನನ್ನ ಪಾಲು. ಬೂಟಿಗೆ ಪಾಲಿಶ್, ಕುತ್ತಿಗೆಗೆ ಟೈ, ಎರಡು ಜಡೆಗೆ ಎರಡು ಬಿಳಿ ರಿಬ್ಬನ್, ಅದೂ ಒಂದೇ ಎತ್ತರದಲ್ಲಿ. ಒಂದು ಜಡೆ ಒಂದು ಬೆರಳು ಕೆಳಗಾದರೆ "ಸಿಸ್ಟರ್ ಬೈತಾರ" ಎಂದು ಇಡೀ ಜಡೆ ಬಿಚ್ಚಿಸುತ್ತಿದ್ದೆ ನೀನು, ಅಕ್ಕವ್ವಾ. ಹೊರಗೆ ಟಂಟಂ ಗಾಡಿಯವನು ಹಾರ್ನ್ ಹೊಡೆದು ಓಣಿಯನ್ನೆಲ್ಲ ಎಬ್ಬಿಸುತ್ತಿದ್ದ.

ಇನ್ನು ಶಾಲೆಯ ಆ ಡೈರಿ. ಅದನ್ನು ಯಾರು ಕಂಡುಹಿಡಿದರೋ, ಅವರ ಮನೆಯಲ್ಲಿ ಮೊಮ್ಮಕ್ಕಳು ಇರಲಿಲ್ಲವೆಂದು ಕಾಣುತ್ತದೆ. ನಾಳೆಗೆ ಹತ್ತು ಬಗೆಯ ಎಲೆ ತರಬೇಕು ಎಂದು ಡೈರಿಯಲ್ಲಿ ಬರೆದಿದ್ದರೆ ಅದು ನಮಗೆ ತಿಳಿಯುವುದು ಕತ್ತಲಾದ ಮೇಲೆ. ಡೈರಿ ಇಂಗ್ಲಿಷಿನಲ್ಲಿ, ಓದುವವಳು ಸಿಂದಗಿಯಿಂದ ಬರುವ ಬಸ್ಸಿನಲ್ಲಿ. ನಾನು ಟಾರ್ಚ್ ಹಿಡಿದು ಹಿತ್ತಲಿನಲ್ಲಿ ನಿಂಬೆ, ಕರಿಬೇವು, ತುಳಸಿ ಹರಿದು, ಉಳಿದದ್ದಕ್ಕೆ ನೆರೆಮನೆಯ ಗೋಡೆಯ ಮೇಲೆ ಕೈಚಾಚುತ್ತಿದ್ದೆ. ಒಮ್ಮೆ ಹತ್ತಿಯ ಮೊಲ ಮಾಡಬೇಕೆಂದರು. ಮೊಲಕ್ಕೆ ಹತ್ತಿ ಅಂಟಿಸಿದ್ದು ನಾನು, ನನ್ನ ಬೆರಳಿನ ಗೋಂದು ಎರಡು ದಿನ ಹೋಗಲಿಲ್ಲ. "ವೆರಿ ಗುಡ್" ಬಂದದ್ದು ಅಕ್ಕವ್ವನಿಗೆ.

ಊಟದ ಮುಂದೆ ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಪ್ರಾರ್ಥನೆ ಹೇಳುವುದನ್ನು ಕಲಿತು ಬಂದಳು. ಅದು ಒಳ್ಳೆಯದೇ. ಆದರೆ ನಾನೂ ಹೇಳಬೇಕಂತೆ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಕೈ ಜೋಡಿಸಿ, ಅರ್ಥ ತಿಳಿಯದ ಮಾತಿಗೆ ಕೊನೆಯಲ್ಲಿ "ಆಮೆನ್" ಎನ್ನುತ್ತಿದ್ದೆ. ತಪ್ಪಿದರೆ ಮೊದಲಿನಿಂದ. ಅಷ್ಟರಲ್ಲಿ ರೊಟ್ಟಿ ಆರಿ ಹಪ್ಪಳವಾಗುತ್ತಿತ್ತು. "ದೇವರಿಗೆ ಕನ್ನಡ ಬರೂದಿಲ್ಲೇನು?" ಎಂದು ಕೇಳಿದೆ. "ಬರ್ತೈತಿ ಆಯಿ, ಆದ್ರ ಸಾಲ್ಯಾಗ ಕನ್ನಡ ಮಾತಾಡಿದ್ರ ಹೊರಗ ನಿಂದರಸ್ತಾರ" ಎಂದಳು. ದೇವರನ್ನೂ ಹೊರಗೆ ನಿಲ್ಲಿಸುವ ಶಾಲೆ ಎಂದುಕೊಂಡು ತಣ್ಣನೆಯ ರೊಟ್ಟಿ ಮುರಿದೆ.

ಇಂಗ್ಲಿಷಿನಲ್ಲಿ ನಾನು ಕೈ ಹಾಕಲಿಲ್ಲ. ಲೆಕ್ಕದಲ್ಲಿ ಹಾಕಿದೆ. ತಪ್ಪಾದದ್ದು ಅಲ್ಲಿಯೇ.

ನಮ್ಮ ಹಿತ್ತಲಿನ ನಿಂಬೆಹಣ್ಣು ಓಣಿಯವರು ಡಜನ್ ಲೆಕ್ಕದಲ್ಲಿ ಒಯ್ಯುತ್ತಾರೆ. ನನ್ನ ಅತ್ತೆ ನನಗೆ ಎಣಿಸಲು ಕಲಿಸಿದ್ದು ಬೆರಳಿನ ಗೆಣ್ಣಿನ ಮೇಲೆ. ಕಿರುಬೆರಳಿನ ಬುಡದ ಗೆಣ್ಣಿಗೆ ಹೆಬ್ಬೆರಳು ಮುಟ್ಟಿಸಿದರೆ ಒಂದು, ಅದರ ಮೇಲಿನದು ಎರಡು, ತುದಿಯದು ಮೂರು. ಒಂದು ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳು ಮುಗಿದರೆ ಹನ್ನೆರಡು. ಅಲ್ಲಿಗೆ ಒಂದು ಡಜನ್ ಬುಟ್ಟಿಗೆ. ಹೆಬ್ಬೆರಳು ಎಣಿಸುತ್ತದೆ, ತಾನು ಎಣಿಕೆಗೆ ಸೇರುವುದಿಲ್ಲ. ಒಂದು ಕೈಯಲ್ಲಿ ಹಣ್ಣು ಎತ್ತಿ ಹಾಕುತ್ತ ಇನ್ನೊಂದು ಕೈಯಲ್ಲಿ ಲೆಕ್ಕ ಹಿಡಿಯಬಹುದು. ಮೂರು ವರ್ಷದವಳಿದ್ದಾಗಿನಿಂದ ಅಕ್ಕವ್ವ ನನ್ನ ಪಕ್ಕ ಕೂತು ಅದನ್ನು ನೋಡಿದಳು, ಐದು ವರ್ಷಕ್ಕೆ ನನಗಿಂತ ಚುರುಕಾಗಿ ಮಾಡಿದಳು. "ಏಳಕ್ಕ ಎಂಟ ಕೂಡಿಸಿದ್ರ?" ಎಂದರೆ ಹೆಬ್ಬೆರಳು ಇಲಿಯ ಹಾಗೆ ಓಡಿ "ಹದಿನೈದು!" ಎನ್ನುತ್ತಿದ್ದಳು. ನನಗೆ ಹೆಮ್ಮೆಯೋ ಹೆಮ್ಮೆ. ಶಾಲೆಯಲ್ಲಿ ಮೊದಲ ನಂಬರ್ ಬರುತ್ತಾಳೆ ಎಂದುಕೊಂಡಿದ್ದೆ.

ಶಿವರಾತ್ರಿ ಮುಗಿದ ವಾರ ಆ ಕೈಗಳ ಚಿತ್ರದ ಹಾಳೆ ಬಂತು. ಎಲ್ಲದಕ್ಕೂ ಕೆಂಪು ಗೆರೆ. ನಿಮ್ಮ ತಾಯಿ ಬರುವ ತನಕ ನಾನೇ ಕನ್ನಡಕ ಹಾಕಿಕೊಂಡು ಅದನ್ನು ನೋಡಿದೆ. ಮೂರು, ಆರು, ಒಂಬತ್ತು, ಹನ್ನೆರಡು, ಹನ್ನೆರಡು. ನನ್ನ ಕಣ್ಣಿಗೆ ಒಂದೂ ತಪ್ಪು ಕಾಣಲಿಲ್ಲ. ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿದೆ, ಅದರಲ್ಲಿ ತಪ್ಪಿರಬೇಕು ಎಂದುಕೊಂಡೆ. ಸಿಸ್ಟರಿಗೆ ಲೆಕ್ಕ ಬರುವುದಿಲ್ಲವೇನೋ ಎಂದೂ ಒಂದು ಗಳಿಗೆ ಅನ್ನಿಸಿತು.

ನಿಮ್ಮ ತಾಯಿ ಬಂದು ಬಸ್ಸಿನ ಧೂಳು ತೊಳೆಯುವ ಮೊದಲೇ ಡೈರಿ ಓದಿದಳು. ಓದುತ್ತ ನೆಲದ ಮೇಲೆ ಕೂತಳು.

"ಏನಂತವಾ?" ಎಂದೆ.

"ನಾಕಕ್ಕೂ ಐದಕ್ಕೂ ಫರಕ್ ತಿಳಿವಲ್ದಂತ್ರಿ, ಅತ್ತಿ. ಬಾಯಿಲೆ ಕೇಳಿದ್ರ ಕೈ ಬೆಂಚಿನ ಕೆಳಗ ಇಟಕೊಂಡು ಆಟಾ ಆಡ್ತಾಳಂತ. ಇನ್ನೊಂದ ವರ್ಷ ಒಂದನೇತ್ತದಾಗ ಕುಂಡ್ರಸೂದು ಛಲೋ ಅಂತ ಬರದಾರ. ಒಪ್ಪಿಗಿ ಪತ್ರಾ ಶನಿವಾರ ತರಬೇಕಂತ."

ನಿಮ್ಮ ತಂದೆಗೆ ಫೋನ್ ಹಚ್ಚಿದಳು. ಅವನು ಆಲಮಟ್ಟಿಯಿಂದ, "ಕುಂಡ್ರಲಿ ಬಿಡ. ಆರ ವರ್ಷದ ಹುಡಗಿ, ಏನ ನೌಕರಿ ತಪ್ಪತೈತೇನು?" ಎಂದ. ಅವನಿಗೇನು, ಫೋನ್ ಇಟ್ಟರೆ ಮುಗಿಯಿತು. ಅಕ್ಕವ್ವ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅಂದು ಪ್ರಾರ್ಥನೆ ಹೇಳದೆ ಉಂಡಳು. ಉಂಡಳು ಎನ್ನುವುದೂ ಸುಳ್ಳೇ, ತಾಟಿನಲ್ಲಿ ಅನ್ನ ಕಲಸಿದಳು. ಆಮೇಲೆ ನನ್ನ ಬಳಿ ಬಂದು, "ಆಯಿ, ನನ್ನ ಗೆಳತ್ಯಾರೆಲ್ಲಾ ಎರಡನೇತ್ತಕ್ಕ ಹೋಗ್ತಾರ. ನಾ ಸಣ್ಣ ಹುಡುಗೂರ ಜೋಡಿ ಕುಂಡ್ರಬೇಕು. ನಾ ದಡ್ಡಿ ಅದೇನಿ ಏನ?" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಹದಿನೈದರ ಲೆಕ್ಕ ಥಟ್ಟನೆ ಹೇಳುವ ಕೂಸಿಗೆ ನಾಲ್ಕು-ಐದು ತಿಳಿಯುವುದಿಲ್ಲ ಎಂದರೆ ಹೇಗೆ? ಮರುದಿನದಿಂದ ನೀನು ಎಣಿಸುವುದನ್ನೇ ಬಿಟ್ಟೆ, ಅಕ್ಕವ್ವಾ. ಯಾರೋ ನಿಂಬೆಹಣ್ಣು ಕೇಳಿಕೊಂಡು ಬಂದರೆ "ನಂಗ ಬರೂದಿಲ್ಲ" ಎಂದು ಒಳಗೆ ಹೋದೆ. ಹಣ್ಣು ನಾನೇ ಎಣಿಸಿ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ನಿಮ್ಮ ತಾಯಿ ಒಪ್ಪಿಗೆ ಪತ್ರ ಬರೆದು ಸಹಿ ಮಾಡಿದಳು. ಶನಿವಾರ ಅವಳಿಗೆ ಲಸಿಕೆ ಹಾಕುವ ಕೆಲಸ, ರಜೆ ಇಲ್ಲ. "ಅತ್ತಿ, ನೀವು ಏನೂ ಮಾತಾಡೂದ ಬ್ಯಾಡ್ರಿ. ಬರೇ ಸಿಸ್ಟರ್ ಕೈಯಾಗ ಕೊಟ್ಟ ಬರ್ರಿ" ಎಂದಳು. ಮಾತಾಡುವುದು ಬೇಡ ಎಂದದ್ದಕ್ಕೆ ನನಗೆ ಸಮಾಧಾನವೇ ಆಯಿತು. ಆ ಸಮಾಧಾನದ ಮೇಲೆ ಈಗಲೂ ನನಗೆ ಸಿಟ್ಟಿದೆ.

ಸಂಜೆ ಶಾಲೆಯಿಂದ ಬಂದ ಅಕ್ಕವ್ವನನ್ನು ಹಿಡಿದು ಕೂಡಿಸಿದೆ. ಐದು ನಿಂಬೆಹಣ್ಣು ಇಟ್ಟೆ. "ಎಷ್ಟದಾವ?"

"ಐದ."

ಒಂದು ತೆಗೆದೆ. "ಈಗ?"

"ನಾಕ. ನನಗ ನಿದ್ದಿ ಬಂದೈತಿ, ಬಿಡ ಆಯಿ."

ತಿಳಿಯುತ್ತದಲ್ಲ! ಮತ್ತೇನು ಇವರ ಗೋಳು ಎಂದು ಆ ಕೆಂಪು ಗೆರೆಯ ಹಾಳೆ ತೆಗೆದೆ. ಚಿತ್ರದಲ್ಲಿದ್ದ ಹಾಗೆ ಹೆಬ್ಬೆರಳು ಮಡಚಿ ನಾಲ್ಕು ಬೆರಳು ಎತ್ತಿದೆ. "ಇದೆಷ್ಟು?"

"ಹನ್ನೆರಡ."

ಸರಿ. ಹೆಬ್ಬೆರಳೂ ಬಿಚ್ಚಿದೆ. "ಇದು?"

"ಹನ್ನೆರಡ. ಹೆಬ್ಬಟ್ಟ ಲೆಕ್ಕಕ್ಕ ಬರೂದಿಲ್ಲಲಾ."

"ಹೌದು" ಎಂದೆ. ಆ "ಹೌದು" ನನ್ನ ಬಾಯಿಂದ ಬಿದ್ದ ಮೇಲೆ ನನಗೆ ಅದು ಹೊಳೆಯಿತು. ಸಿಸ್ಟರು ಕೇಳಿದ್ದು ಬೆರಳು. ಇವಳು ಹೇಳಿದ್ದು ಗೆಣ್ಣು. ಬೆಂಚಿನ ಕೆಳಗೆ ಆಡುತ್ತಿದ್ದದ್ದು ಆಟವಲ್ಲ, ಲೆಕ್ಕ. ಕಲಿಸಿದ್ದು ನಾನು. ಒಂದು ವಾರ ಶಾಲೆಯನ್ನು, ಸಿಸ್ಟರನ್ನು, ಡೈರಿಯನ್ನು, ಮಗನನ್ನು ಬೈದುಕೊಂಡಿದ್ದೆ. ಬೈಯಬೇಕಾದ ಮುದುಕಿ ಇಲ್ಲೇ ನಿಂಬೆಹಣ್ಣಿನ ಮುಂದೆ ಕೂತಿದ್ದಳು.

ನಿಮ್ಮ ತಾಯಿ ಬಂದಾಗ ಹೇಳಿದೆ. ಅವಳು ದಣಿದಿದ್ದಳು. ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. "ಇದನ್ನ ನಾ ಪತ್ರದಾಗ ಹೆಂಗ ಬರೀಲ್ರಿ? ನೀವ ತೋರಸ್ರಿ ಅತ್ತಿ. ಪತ್ರಾ ನಿಮ್ಮ ಕಡೇನ ಇರಲಿ. ಕೊಡೂದೋ ಬಿಡೂದೋ ನೀವ ನೋಡ್ರಿ."

ನೀವ ನೋಡ್ರಿ! ಇಪ್ಪತ್ತು ಜನರ ಎದುರು ನೀರು ಕೇಳಲು ನಾಚುವ ನನ್ನ ಕೈಗೆ ಇದನ್ನು ಕೊಟ್ಟಳು.

ಶನಿವಾರ ಶಾಲೆಯ ಪಡಸಾಲೆಯಲ್ಲಿ ತಂದೆ-ತಾಯಂದಿರ ಸಾಲು. ಗೋಡೆಯ ತುಂಬ ಬಣ್ಣದ ಹಾಳೆ, ಮೇಲೆ ಏಸುವಿನ ಪಟ, ಕೆಳಗೆ ಮಕ್ಕಳು ಮಾಡಿದ ಹತ್ತಿಯ ಮೊಲಗಳು. ನನ್ನ ಮೊಲವೂ ಅಲ್ಲಿತ್ತು, ಒಂದು ಕಿವಿ ಬಿದ್ದಿತ್ತು. ನನ್ನ ಮುಂದೆ ಹಿಂದಿನ ಓಣಿಯ ಟೇಲರನ ಹೆಂಡತಿ ಬುರ್ಖಾದ ತುದಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ನಾನು ಪತ್ರವನ್ನು ಮಡಚಿ ಬಿಚ್ಚಿ ಮಾಡುವುದನ್ನು ನೋಡಿ, "ಅವ್ವಾರ, ಸಿಸ್ಟರ್ ಏನ ನಿಮ್ಮನ್ನ ತಿಂತಾರೇನ್ರಿ? ನನ್ನ ಮಗಾ ಪೆನ್ಸಿಲ್ ತಿಂತಾನ, ಅದಕ್ಕ ನನ್ನ ಕರಸ್ಯಾರ. ನಿಮ್ಮಾಕಿ ಏನ ತಿಂದಾಳ?" ಎಂದಳು. ನಾನು ಸೆರಗು ಸರಿಮಾಡಿಕೊಂಡೆ.

ನನ್ನ ಪಾಳಿ ಬಂತು. ಸಿಸ್ಟರು ನಮ್ಮ ಕಡೆಯವರಲ್ಲ, ಮಂಗಳೂರಿನ ಕಡೆಯವರು. ಮಾತು ಮೆತ್ತಗೆ, ಪುಸ್ತಕದ ಹಾಗೆ. ಅವರ ಮೇಜಿನ ಮೇಲೆ ಇನ್ನೂ ಅಷ್ಟೆತ್ತರದ ಹಾಳೆಯ ರಾಶಿ. ನಲವತ್ತು ಮಕ್ಕಳ ಹಾಳೆ ತಿದ್ದುವವರಿಗೆ ಒಂದೊಂದು ಬೆರಳು ನೋಡುವ ಪುರುಸೊತ್ತು ಎಲ್ಲಿಂದ ಬರಬೇಕು?

"ಕೂತುಕೊಳ್ಳಿ ಅಜ್ಜಿ. ಪತ್ರ ತಂದಿದ್ದೀರಾ?"

ಹೌದೆಂದು ತಲೆ ಅಲ್ಲಾಡಿಸಿದೆ. ಪತ್ರ ಮುಷ್ಟಿಯಲ್ಲಿತ್ತು.

"ನಮಗೂ ಬೇಸರವೇ. ಮಗು ಒಳ್ಳೆಯವಳು. ಆದರೆ ಬುನಾದಿ ಗಟ್ಟಿಯಾಗಲಿ, ಅಲ್ಲವಾ?" ಎಂದು ಕೈ ಚಾಚಿದರು.

 ರಾತ್ರಿಯಿಂದ ಮನಸ್ಸಿನಲ್ಲಿ ಜೋಡಿಸಿಟ್ಟ ಮಾತೆಲ್ಲ ಎತ್ತಲೋ ಹೋದವು. ಪಕ್ಕದಲ್ಲಿ ಅಕ್ಕವ್ವ ತನ್ನ ಬೂಟು ನೋಡುತ್ತ ನಿಂತಿದ್ದಳು. ಹಿಂದಿನಿಂದ ಯಾರೋ "ಲಗೂ ಮುಗಸ್ರಿ ಅಜ್ಜಿ" ಎಂದರು. ನಾನು ಪತ್ರವನ್ನು ಸೊಂಟಕ್ಕೆ ಸಿಕ್ಕಿಸಿ, ಚಾಚಿದ ಆ ಕೈಯನ್ನೇ ಹಿಡಿದುಕೊಂಡೆ. ಸಿಸ್ಟರು ಬೆಚ್ಚಿದರು. ಅವರ ಕಿರುಬೆರಳಿನ ಬುಡಕ್ಕೆ ನನ್ನ ಹೆಬ್ಬೆರಳು ಒತ್ತಿ, "ಒಂದ್ರಿ" ಎಂದೆ. "ಎರಡ್ರಿ. ಮೂರ್ರಿ." ಬಿಡಲಿಲ್ಲ. ನಾಲ್ಕು ಬೆರಳು ಮುಗಿಸಿ "ಹನ್ನೆರಡ್ರಿ" ಎನ್ನುವಾಗ ನನ್ನ ಧ್ವನಿ ನನಗೇ ಕೇಳುವಷ್ಟು ದೊಡ್ಡದಾಗಿತ್ತು. "ಹೆಬ್ಬಟ್ಟ ಲೆಕ್ಕಕ್ಕ ಬರೂದಿಲ್ರಿ. ಅದಕ್ಕ ನಾಕೂ ಐದೂ ಆಕಿಗೆ ಒಂದ ಆಗ್ಯಾವ. ನಾ ಕಲಿಸಿದ್ದು, ತಪ್ಪ ನಂದು. ಕೂಸು ದಡ್ಡಿ ಅಲ್ರಿ."

ಸಿಸ್ಟರು ತಮ್ಮ ಕೈ ನೋಡಿಕೊಂಡರು. ಆ ಹಾಳೆ ತೆಗೆಸಿ ನೋಡಿದರು. ಮೇಜಿನ ಮೇಲಿನ ಪೆನ್ಸಿಲ್ ಒಂಬತ್ತು ಎಣಿಸಿ ಒಂದು ಕಡೆ, ಎಂಟು ಇನ್ನೊಂದು ಕಡೆ ಇಟ್ಟು ಅಕ್ಕವ್ವನಿಗೆ, "ಒಟ್ಟು ಎಷ್ಟು? ಕೈ ಮೇಜಿನ ಮೇಲೆ ಇಟ್ಟುಕೊಂಡೇ ಹೇಳು" ಎಂದರು. ಹೆಬ್ಬೆರಳು ಓಡಿತು. "ಸೆವೆಂಟೀನ್." ಟೇಲರನ ಹೆಂಡತಿ ಇನ್ನೂ ಹೋಗಿರಲಿಲ್ಲ, ಬಾಗಿಲಲ್ಲಿ ನಿಂತು "ಶಾಬಾಸ್" ಎಂದಳು.

ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಶಾಲೆ ಎಂದರೆ ಅಷ್ಟು ಸುಲಭವಲ್ಲ. ಸಿಸ್ಟರು ನಕ್ಕರು, ನನ್ನ ಕೈ ಅದುಮಿದರು, ಆಮೇಲೆ ಹೇಳಿದರು: "ಅಜ್ಜಿ, ನನಗೆ ಅರ್ಥವಾಯಿತು. ಆದರೆ ಪರೀಕ್ಷೆಯ ಹಾಳೆಯಲ್ಲಿ ಬೆರಳು ಬೆರಳೇ. ಹೀಗೆ ಬರೆದರೆ ತಪ್ಪೇ ಆಗುತ್ತದೆ. ಪತ್ರ ಈಗ ಬೇಡ. ಒಂದು ತಿಂಗಳು ನೋಡೋಣ. ನೀವೇ ಕಲಿಸಿದ್ದೀರಿ, ನೀವೇ ಬಿಡಿಸಿ."

ನೀವೇ ಬಿಡಿಸಿ! ಕಲಿಸುವುದು ಸುಲಭ, ಬಿಡಿಸಿ ನೋಡಿ ಒಮ್ಮೆ. ಆ ತಿಂಗಳು ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ದಿನಾ ಸಂಜೆ ನಾನೂ ಅಕ್ಕವ್ವನೂ ಎದುರು ಬದುರು ಕೂತು ಬೆರಳು ಎತ್ತುವುದು. ಅವಳು ಎರಡು ದಿನದಲ್ಲಿ ಕಲಿತಳು. ನನ್ನ ಹೆಬ್ಬೆರಳೇ ಕೇಳಲಿಲ್ಲ. "ಆರಕ್ಕ ಮೂರ" ಎನ್ನುವಷ್ಟರಲ್ಲಿ ಅದು ತಾನಾಗಿ ಗೆಣ್ಣಿಗೆ ಹೋಗುತ್ತಿತ್ತು, ಅದನ್ನು ನೋಡಿ ಅವಳದೂ ಹೋಗುತ್ತಿತ್ತು. ಕೊನೆಗೆ ಅವಳು ತನ್ನ ಬಿಳಿ ರಿಬ್ಬನ್ ತಂದು ನನ್ನ ಹೆಬ್ಬೆರಳನ್ನು ಅಂಗೈಗೆ ಬಿಗಿದು ಕಟ್ಟಿದಳು. "ಈಗ ಎಣಸ ಆಯಿ. ಸುಮ್ನ ಕುಂಡ್ರಂಗಿಲ್ಲ" ಎಂದು ಸಿಸ್ಟರಿನ ಹಾಗೆ ಹುಬ್ಬೇರಿಸಿದಳು. ಅದೇ ಹೊತ್ತಿಗೆ ಬಂದ ನೆರೆಮನೆಯವಳು "ಏನಾತ್ರಿ, ಕೈಗೆ ಪೆಟ್ಟ ಹತ್ತೇತೇನು?" ಎಂದು ಕೇಳಿದಾಗ ಏನೆಂದು ಹೇಳಲಿ?

ಪರೀಕ್ಷೆಯಾಯಿತು. ಅಕ್ಕವ್ವ ಎರಡನೇ ತರಗತಿಗೆ ಹೋದಳು. ಗೆಳತಿಯರ ಜೊತೆಯಲ್ಲೇ ಹೋದಳು. ಆ ಒಪ್ಪಿಗೆ ಪತ್ರವನ್ನು ನಾನೇ ಒಲೆಗೆ ಹಾಕಿದೆ. ಆಮೇಲೆ ಒಂದು ದಿನ ಡಜನ್ ನಿಂಬೆಹಣ್ಣು ಕೇಳಿದವಳಿಗೆ ಎರಡು ಕೈಯ ಬೆರಳು ಎಣಿಸಿ ಹತ್ತೇ ಕೊಟ್ಟೆ. ಅವಳು ತಿರುಗಿ ಬಂದು, "ಏನ್ರಿ, ವಯಸ್ಸಾತೇನು?" ಎಂದಳು. ಆ ಶಾಲೆ ನನಗೂ ಕಲಿಸಿದ್ದು ಅಷ್ಟು!

ಅಂದೇ ಆಣೆ ಮಾಡಿಕೊಂಡೆ, ತಮ್ಮಣ್ಣನಿಗೆ ಗೆಣ್ಣಿನ ಲೆಕ್ಕ ತೋರಿಸುವುದಿಲ್ಲ ಎಂದು. ಅವನು ಹತ್ತಿರ ಬಂದರೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಣಿಸುತ್ತಿದ್ದೆ. ನಾಲ್ಕು ವರ್ಷ ಕಳ್ಳರ ಹಾಗೆ ನಿಂಬೆಹಣ್ಣು ಎಣಿಸಿದ್ದೇನೆ. ಈಗ ನೋಡಿದರೆ ಅಕ್ಕವ್ವ ಮಾಳಿಗೆಯ ಮೇಲೆ ಕೂಡಿಸಿ ಕಲಿಸಿದ್ದಾಳೆ. ಯಾಕೆ ಎಂದು ನಿನ್ನೆ ಕೇಳಿದ್ದಕ್ಕೆ, "ಲಗೂ ಬರ್ತೈತಿ ಆಯಿ, ಅದಕ್ಕ" ಎಂದಳು. ಅದು ನಿಜವೇ.

ಆ ಸಿಸ್ಟರು ಬೇರೆ ಊರಿಗೆ ವರ್ಗವಾಗಿ ಹೋದರು. ತಮ್ಮಣ್ಣನ ಸಿಸ್ಟರು ಹೊಸಬರು, ಅವರಿಗೆ ಇದೆಲ್ಲ ಮೊದಲಿನಿಂದ ಆಗಬೇಕು. ಸೋಮವಾರ ಬರಬೇಕೆಂದು ಡೈರಿಯಲ್ಲಿ ಬರೆದಿದ್ದಾರೆ. ನಿಮ್ಮ ತಾಯಿ, "ಅತ್ತಿ, ನೀವ ಹೋಗ್ರಿ, ನಿಮಗ ರೂಢಿ ಐತಿ" ಎನ್ನುತ್ತಾಳೆ. ರೂಢಿಯಂತೆ! ಒಮ್ಮೆ ಒಬ್ಬರ ಕೈ ಹಿಡಿದದ್ದಕ್ಕೆ ಜೀವನವಿಡೀ ಸಿಸ್ಟರುಗಳ ಕೈ ಹಿಡಿಯುತ್ತ ತಿರುಗಬೇಕೇನು?

ಹೋಗುತ್ತೇನೆ. ತಮ್ಮಣ್ಣನೂ "ನಾ ದಡ್ಡ ಏನ" ಎಂದು ಕೇಳುವ ಮೊದಲೇ ಹೋಗುತ್ತೇನೆ. ಮಾತು ಬರದಿದ್ದರೆ ಈ ಹಾಳೆಗಳನ್ನೇ ಮೇಜಿನ ಮೇಲೆ ಇಡುತ್ತೇನೆ. ಅವರಿಗೆ ಕನ್ನಡ ಓದಲು ಬರುತ್ತದೆಯೋ ಇಲ್ಲವೋ, ಅದೊಂದು ಚಿಂತೆ.

ತಿರುಗಿ ತಂದ ಮೇಲೆ ಇವನ್ನು ನಿಮ್ಮ ಅಜ್ಜನ ಟ್ರಂಕಿನಲ್ಲಿ, ಮಡಚಿದ ಧೋತರದ ಕೆಳಗೆ ಇಡಿರಿ. ಚಾರ್ಟಿಗೆ ಕತ್ತರಿಸಬೇಡಿ, ಹಿಂದಿನ ಖಾಲಿ ಬದಿಯಲ್ಲಿ ಮೊಲ ಬರೆಯಬೇಡಿ. ಇಂದು ಅಕ್ಕವ್ವ ತಮ್ಮಣ್ಣನಿಗೆ ಕಲಿಸಿದ ಹಾಗೆ ನಾಳೆ ನಿಮ್ಮ ಮಕ್ಕಳಿಗೂ ನೀವು ಇದನ್ನು ಕಲಿಸಿಯೇ ಕಲಿಸುತ್ತೀರಿ, ನನಗೆ ಗೊತ್ತು. ಆಗ ಶಾಲೆಗೆ ಹೋಗಿ ನಿಲ್ಲಲು ನಾನಿರುವುದಿಲ್ಲ, ಈ ಹಾಳೆಗಳಾದರೂ ಇರಲಿ.